ಫೋನ್ ಮತವಿಲ್ಲದ ದೇಶ: ಯೂರೋವಿಷನ್‌ನಲ್ಲಿ ಸಾನ್ ಮರಿನೋ, 2008–2025

2022ರ ಮೇ 14ರಂದು ಇಟಲಿಯ ಟುರಿನ್‌ನಲ್ಲಿ ಯೂರೋವಿಷನ್ ಹಾಡು ಸ್ಪರ್ಧೆಯ ಫೈನಲ್ ನಡೆಯಿತು. 40 ದೇಶಗಳ ಅಂಕಗಳು ಪ್ರಕಟವಾದವು. ಆ ಪಟ್ಟಿಯಲ್ಲಿ ಸಾನ್ ಮರಿನೋ ಹೆಸರಿನಲ್ಲೂ ಎರಡು ಕಂತು ಇದ್ದವು: ಸಂಗೀತ ಪರಿಣತರ ಜ್ಯೂರಿಯದು ಒಂದು, ಜನಸಾಮಾನ್ಯರ ಫೋನ್ ಮತದ್ದು ಇನ್ನೊಂದು. ಆದರೆ ಆ ರಾತ್ರಿ ಸಾನ್ ಮರಿನೋದ ಜನ ಹಾಕಿದ ಒಂದೇ ಒಂದು ಮತವೂ ಲೆಕ್ಕಕ್ಕೆ ಬಂದಿರಲಿಲ್ಲ. ಫೋನ್ ಮತ ಆ ದೇಶದಲ್ಲಿ ನಡೆಯುವುದೇ ಇಲ್ಲ. ಜ್ಯೂರಿಯ ಮತವನ್ನು ಸಂಘಟಕರು ಅನುಮಾನದ ಮೇಲೆ ತೆಗೆದುಹಾಕಿದ್ದರು. ಎರಡೂ ಜಾಗದಲ್ಲಿ ಕೂತಿದ್ದು ಬೇರೆ ದೇಶಗಳವರ ಒಲವನ್ನು ನೋಡಿ ಲೆಕ್ಕಹಾಕಿ ತುಂಬಿದ ಅಂಕಿಗಳು.

ಆ ವರ್ಷ ಸಾನ್ ಮರಿನೋ ಪರವಾಗಿ ಹಾಡಿದಾತನೂ ಇಟಲಿಯವನೇ. ಹಾಗಾದರೆ ಆ ಸ್ಪರ್ಧೆಯಲ್ಲಿ ಸಾನ್ ಮರಿನೋದ್ದು ಅಂತ ಇದ್ದಿದ್ದೇನು? ಈ ಪ್ರಶ್ನೆಯನ್ನು ಗೇಲಿಗಾಗಿ ಕೇಳುವವರು ಯೂರೋಪಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಗಂಭೀರವಾಗಿಯೇ ಕೇಳುತ್ತಿದ್ದೇನೆ. ದೊಡ್ಡವರು ತಮ್ಮ ಅಳತೆಗೆ ಹೊಲಿಸಿಕೊಂಡ ಪಂದ್ಯದಲ್ಲಿ ತೀರಾ ಪುಟ್ಟದೊಂದು ದೇಶ ಎಷ್ಟನ್ನು ಎರವಲು ತರಬಹುದು, ಯಾವುದನ್ನು ಎರವಲು ತಂದರೆ ಕೆಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ.

ಊರು ಮತ್ತು ಟಿವಿ

ಸಾನ್ ಮರಿನೋ ನಾಲ್ಕೂ ಕಡೆ ಇಟಲಿಯಿಂದ ಸುತ್ತುವರಿದ ಗಣರಾಜ್ಯ. ವಿಸ್ತೀರ್ಣ 61 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 34,000. ನಡುವೆ ತಿತಾನೋ ಬೆಟ್ಟ, ಅದರ ನೆತ್ತಿಯ ಮೇಲೆ ಮೂರು ಗೋಪುರಗಳು. ಕ್ರಿ.ಶ. 301ರಲ್ಲಿ ಮರಿನುಸ್ ಎಂಬ ಕಲ್ಲುಕುಟಿಗ ಸಂತ ಇದನ್ನು ಸ್ಥಾಪಿಸಿದ ಎಂಬುದು ಅಲ್ಲಿನವರ ನಂಬಿಕೆ. ಆರಾರು ತಿಂಗಳಿಗೊಮ್ಮೆ ಇಬ್ಬರು ಹೊಸ ರಾಷ್ಟ್ರಮುಖ್ಯಸ್ಥರು ಅಧಿಕಾರ ವಹಿಸಿಕೊಳ್ಳುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಭಾಷೆ ಇಟಾಲಿಯನ್, ಹಣ ಯೂರೋ. ದೂರವಾಣಿಗೆ 378 ಎಂಬ ಸ್ವಂತ ದೇಶಸಂಖ್ಯೆ ಇದೆ. ಆದರೆ ಇಟಲಿಯಿಂದ ಕರೆ ಮಾಡುವವರು ಪಕ್ಕದ ಜಿಲ್ಲೆಗೆ ಮಾಡಿದ ಹಾಗೆ 0549 ಒತ್ತಿದರೂ ಆಯಿತು. ಈ ಸಣ್ಣ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯೂರೋವಿಷನ್‌ನಲ್ಲಿ ಭಾಗವಹಿಸುವುದು ಸರ್ಕಾರಗಳಲ್ಲ, ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವಾದ ಇಬಿಯುವಿನ ಸದಸ್ಯ ಟಿವಿಗಳು. ಬ್ರಿಟನ್ನಿಗೆ ಬಿಬಿಸಿ, ಇಟಲಿಗೆ ರಾಯ್ ಇದ್ದಂತೆ ಸಾನ್ ಮರಿನೋಗೆ ಇರುವುದು 1991ರಲ್ಲಿ ಹುಟ್ಟಿದ ಸಾನ್ ಮರಿನೋ ಆರ್‌ಟಿವಿ. ಅದರ ಅರ್ಧ ಪಾಲು ದೇಶದ ಪ್ರಸಾರ ಸಂಸ್ಥೆಯದ್ದು, ಇನ್ನರ್ಧ ರಾಯ್‌ನದೇ. ಅಂದರೆ ಸ್ಪರ್ಧೆಗೆ ಹೆಸರು ಕೊಡುವ ಸಂಸ್ಥೆಯಲ್ಲೇ ನೆರೆಯ ದೇಶದ ಪಾಲುದಾರಿಕೆ ಇದೆ.

ಸ್ಪರ್ಧೆಯ ನಿಯಮಗಳು ಸರಳ. ಹಾಡು ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ಇರಬಾರದು, ಮುಖ್ಯ ಗಾಯನ ನೇರವಾಗಿ ಆಗಬೇಕು, ಗಾಯಕರಿಗೆ 16 ತುಂಬಿರಬೇಕು. ಪ್ರತಿ ದೇಶವೂ ತನಗೆ ಹಿಡಿಸಿದ ಹತ್ತು ಹಾಡುಗಳಿಗೆ 12, 10, ಆಮೇಲೆ 8ರಿಂದ 1ರವರೆಗೆ ಅಂಕ ಕೊಡುತ್ತದೆ; ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ಗಾಯಕರು ಆ ದೇಶದವರೇ ಆಗಿರಬೇಕು ಎಂಬ ನಿಯಮ ಮಾತ್ರ ಇಲ್ಲ.

ಕೊನೆಯ ನಿಯಮವನ್ನು ಮೊದಲು ಬಳಸಿಕೊಂಡದ್ದು ಸಾನ್ ಮರಿನೋ ಅಲ್ಲ. ಲಕ್ಸಂಬರ್ಗ್ ಐದು ಸಲ ಗೆದ್ದಿದೆ: 1961, 1965, 1972, 1973, 1983. ಐದರಲ್ಲಿ ಒಂದನ್ನೂ ಲಕ್ಸಂಬರ್ಗ್‌ನವರು ಹಾಡಿಲ್ಲ. ನಾಲ್ವರು ಫ್ರಾನ್ಸಿನವರು, ವಿಕಿ ಲಿಯಾಂಡ್ರೋಸ್ ಗ್ರೀಸ್ ಮೂಲದವರು. 1971ರಲ್ಲಿ ಮೊನಾಕೋ ಗೆದ್ದದ್ದೂ ಸೆವೆರೀನ್ ಎಂಬ ಫ್ರೆಂಚ್ ಗಾಯಕಿಯಿಂದ. ಗೆದ್ದ ಮೇಲೆ ಮರುವರ್ಷ ನಡೆಸುವ ಶಕ್ತಿ ಇಲ್ಲದೆ 1972ರ ಸ್ಪರ್ಧೆ ಎಡಿನ್‌ಬರೋಗೆ ಹೋಯಿತು. 1988ರಲ್ಲಿ ಸ್ವಿಟ್ಜರ್ಲೆಂಡಿಗೆ ಗೆದ್ದುಕೊಟ್ಟ ಸೆಲೀನ್ ಡಿಯೋನ್ ಕೆನಡಾದವರು. ಆಗ ಯಾರೂ ಇದನ್ನು ಬಾಡಿಗೆ ಬಾವುಟ ಎಂದು ಕರೆಯಲಿಲ್ಲ. ಈಗ ಸಾನ್ ಮರಿನೋಗೆ ಮಾತ್ರ ಆ ಹೆಸರು ಅಂಟಿದೆ, ಏಕೆಂದರೆ ಅದು ಗೆದ್ದಿಲ್ಲ. ಗೆದ್ದವರ ಎರವಲನ್ನು ಯಾರು ಕೇಳುತ್ತಾರೆ.

ಮೊದಲ ಹೆಜ್ಜೆ, ಎರಡು ವರ್ಷದ ಬಿಡುವು

2008ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸಾನ್ ಮರಿನೋ ಮೊದಲ ಸಲ ಇಳಿಯಿತು. ಸ್ಪರ್ಧಿಗಳ ಸಂಖ್ಯೆ ಹೆಚ್ಚಾಗಿ, ಎರಡು ಸೆಮಿಫೈನಲ್‌ಗಳ ಪದ್ಧತಿ ಶುರುವಾದದ್ದೂ ಅದೇ ವರ್ಷ. ಮಿಯೋದಿಯೋ ಎಂಬ ತಂಡ ‘ಕೊಂಪ್ಲಿಚೆ’ ಎಂಬ ಇಟಾಲಿಯನ್ ಹಾಡನ್ನು ಹಾಡಿತು. 19 ದೇಶಗಳಿದ್ದ ಸೆಮಿಫೈನಲ್‌ನಲ್ಲಿ 19ನೇ ಸ್ಥಾನ, ಒಟ್ಟು 5 ಅಂಕ. ಹಾಡು ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಇಟಲಿಯೇ 1997ರ ನಂತರ ಸ್ಪರ್ಧೆಯಿಂದ ದೂರ ಉಳಿದಿದ್ದ ಕಾಲ ಅದು. ಇಟಾಲಿಯನ್ ಹಾಡಿಗೆ ಸಹಜವಾಗಿ ಕಿವಿಗೊಡಬೇಕಾದ ದೊಡ್ಡ ನೆರೆ ಕೋಣೆಯಲ್ಲೇ ಇರಲಿಲ್ಲ.

2009 ಮತ್ತು 2010ರಲ್ಲಿ ಹಣವಿಲ್ಲದೆ ಗೈರು. ಪುಟ್ಟ ದೇಶಗಳ ಕತೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆಂಡೋರಾ 2004ರಿಂದ 2009ರವರೆಗೆ ಆರು ಸಲ ಬಂದು, ಒಮ್ಮೆಯೂ ಫೈನಲ್ ಕಾಣದೆ ಹೊರಟುಹೋಯಿತು. ಮೊನಾಕೋ 2004ರಲ್ಲಿ ಮರಳಿ ಬಂದು ಮೂರೇ ವರ್ಷಕ್ಕೆ ಸಾಕೆಂದಿತು. ಸಾನ್ ಮರಿನೋ ಮಾತ್ರ 2011ರಲ್ಲಿ ಹಿಂದಿರುಗಿತು, ಇಟಲಿ ಹಿಂದಿರುಗಿದ ವರ್ಷವೇ. ಡ್ಯೂಸೆಲ್‌ಡಾರ್ಫ್‌ನಲ್ಲಿ ಹಾಡಿದಾಕೆ ಸೆನ್ಹಿತ್. ಬೊಲೊನ್ಯಾದಲ್ಲಿ ಎರಿಟ್ರಿಯಾ ಮೂಲದ ಕುಟುಂಬದಲ್ಲಿ ಹುಟ್ಟಿದವರು. ಸೆಮಿಫೈನಲ್‌ನಲ್ಲಿ 16ನೇ ಸ್ಥಾನ. ಯಾರೂ ಹೆಚ್ಚು ಗಮನಿಸಲಿಲ್ಲ. ಹತ್ತು ವರ್ಷದ ನಂತರ ಆಕೆ ಮತ್ತೆ ಬರುತ್ತಾರೆ.

ವಲೆಂತೀನಾ ಮೊನೆತ್ತಾ, ಒಂದು ಹಟದ ಅಧ್ಯಾಯ

ಈ ಪ್ರಕರಣದ ಹೃದಯ 2012ರಿಂದ 2014ರವರೆಗಿನ ಮೂರು ವರ್ಷ. ವಲೆಂತೀನಾ ಮೊನೆತ್ತಾ ಸಾನ್ ಮರಿನೋದಲ್ಲೇ ಹುಟ್ಟಿದ ಗಾಯಕಿ, ಜಾಝ್ ಒಲವಿನವರು. ಅವರಿಗೆ ಜೊತೆಯಾದದ್ದು ಜರ್ಮನಿಯ ಸಂಗೀತ ಸಂಯೋಜಕ ರಾಲ್ಫ್ ಸೀಗೆಲ್. ಯೂರೋವಿಷನ್‌ನಲ್ಲಿ ಸೀಗೆಲ್ ಹೆಸರು ಗೊತ್ತಿಲ್ಲದವರಿಲ್ಲ: 1982ರಲ್ಲಿ ಜರ್ಮನಿಗೆ ಮೊದಲ ಗೆಲುವು ತಂದ ಹಾಡು ಅವರದು, ಆಮೇಲೆ ದಶಕಗಳ ಕಾಲ ಒಂದಲ್ಲ ಒಂದು ದೇಶದ ಬಾಗಿಲು ತಟ್ಟುತ್ತಲೇ ಇದ್ದವರು. ದೊಡ್ಡ ದೇಶಗಳು ಕದ ಹಾಕಿಕೊಂಡಾಗ ಅವರಿಗೆ ಸಿಕ್ಕಿದ್ದು ಸಾನ್ ಮರಿನೋ. ಸಾನ್ ಮರಿನೋಗೆ ಸಿಕ್ಕಿದ್ದು ಅನುಭವಸ್ಥ ಸಂಯೋಜಕ. ಇಬ್ಬರಿಗೂ ಇನ್ನೊಬ್ಬರ ಅಗತ್ಯ ಇತ್ತು. ದಾನವೂ ಅಲ್ಲ, ಮೋಸವೂ ಅಲ್ಲ.

ಶುರು ಮಾತ್ರ ಹಾಸ್ಯಾಸ್ಪದವಾಗಿತ್ತು. 2012ರ ಹಾಡಿಗೆ ‘ಫೇಸ್‌ಬುಕ್’ ಎಂಬ ಹೆಸರನ್ನೇ ಇಟ್ಟು, ಸಾಹಿತ್ಯದ ತುಂಬ ಅದನ್ನೇ ಹಾಡಿದ್ದರು. ಸ್ಪರ್ಧೆಯ ನಿಯಮದಲ್ಲಿ ಜಾಹೀರಾತಿಗೆ ಜಾಗವಿಲ್ಲ. ಇಬಿಯು ತಡೆಯಿತು; ಆ ಪದವನ್ನು ತೆಗೆದು ‘ದ ಸೋಶಿಯಲ್ ನೆಟ್‌ವರ್ಕ್ ಸಾಂಗ್’ ಎಂದು ಮಾಡಿ ಬಾಕುವಿನಲ್ಲಿ ಹಾಡಿದರು. ಸೆಮಿಫೈನಲ್‌ನಲ್ಲಿ 14ನೇ ಸ್ಥಾನ. ಆ ವರ್ಷದ ಅತಿ ಕೆಟ್ಟ ಹಾಡುಗಳ ಪಟ್ಟಿಗಳಲ್ಲಿ ಅದಕ್ಕೆ ಕಾಯಂ ಜಾಗ ಸಿಕ್ಕಿತು, ಅದಕ್ಕೆ ಅರ್ಹವೂ ಆಗಿತ್ತು.

ಬೇರೆ ಯಾವ ದೇಶವಾದರೂ ಅಲ್ಲಿಗೆ ಗಾಯಕಿಯನ್ನು ಮನೆಗೆ ಕಳಿಸುತ್ತಿತ್ತು. ಸಾನ್ ಮರಿನೋ ಮರುವರ್ಷವೂ ಮೊನೆತ್ತಾ ಅವರನ್ನೇ ಕಳಿಸಿತು. 2013ರಲ್ಲಿ ಮಾಲ್ಮೋದಲ್ಲಿ ‘ಕ್ರಿಸಾಲಿಡೆ’ ಎಂಬ ಇಟಾಲಿಯನ್ ಹಾಡು. ನಿಧಾನವಾಗಿ ಶುರುವಾಗಿ ಕೊನೆಯಲ್ಲಿ ಕುಣಿತಕ್ಕೆ ಏರುವ ಅದು ಆಕೆಯ ಕಂಠಕ್ಕೆ ಸರಿಯಾಗಿ ಹೊಂದಿತು. ಅಭಿಮಾನಿಗಳಿಗೆ ಫೈನಲ್ ಖಚಿತ ಅನ್ನಿಸಿತ್ತು. ಹತ್ತು ಹಾಡುಗಳಿಗೆ ಅವಕಾಶ. ಬಂದದ್ದು ಹನ್ನೊಂದನೇ ಸ್ಥಾನ.

2014ರಲ್ಲಿ ಮೂರನೇ ಸಲ. ಸತತ ಮೂರು ವರ್ಷ ಒಬ್ಬರೇ ಹಾಡಿದ್ದು 1964ರಿಂದ 1966ರವರೆಗೆ ಆಸ್ಟ್ರಿಯಾದ ಉಡೋ ಯೂರ್ಗೆನ್ಸ್ ಹಾಡಿದ ನಂತರ ಇದೇ ಮೊದಲು. ಅಂದಹಾಗೆ ಯೂರ್ಗೆನ್ಸ್ ಮೂರನೇ ಯತ್ನದಲ್ಲಿ ಸ್ಪರ್ಧೆಯನ್ನೇ ಗೆದ್ದರು. ಮೊನೆತ್ತಾ ಕೋಪನ್‌ಹೇಗನ್‌ನಲ್ಲಿ ‘ಮೇಬಿ’ ಹಾಡಿದರು. ಫಲಿತಾಂಶ ಹೇಳುವಾಗ ಫೈನಲ್‌ಗೆ ದಾಟಿದವರ ಹೆಸರುಗಳನ್ನು ಯಾವ ಕ್ರಮವೂ ಇಲ್ಲದೆ ಒಂದೊಂದಾಗಿ ಕೂಗುತ್ತಾರೆ, ಸ್ಥಾನ ಯಾವುದೆಂದು ಆಗ ತಿಳಿಸುವುದಿಲ್ಲ. ಸಾನ್ ಮರಿನೋ ಹೆಸರು ಕೂಗಿದಾಗ ಆ ಸಭಾಂಗಣದಲ್ಲಿ ಎದ್ದ ಸದ್ದನ್ನು ಯೂರೋವಿಷನ್ ನೋಡುವವರು ಇನ್ನೂ ನೆನೆಯುತ್ತಾರೆ. ಸೆಮಿಫೈನಲ್‌ನಲ್ಲಿ 40 ಅಂಕದೊಡನೆ ಹತ್ತನೆಯದಾಗಿ, ಅಂದರೆ ಕೊನೆಯ ಸೀಟಿನಲ್ಲಿ ಫೈನಲ್ ಪ್ರವೇಶ. ಫೈನಲ್‌ನಲ್ಲಿ 14 ಅಂಕ, 24ನೇ ಸ್ಥಾನ.

‘ಕ್ರಿಸಾಲಿಡೆ’ ಒಳ್ಳೆಯ ಹಾಡು, ‘ಮೇಬಿ’ ಸಾಧಾರಣ. ಒಳ್ಳೆಯದು ಸೋತು ಸಾಧಾರಣವಾದದ್ದು ದಾಟಿದ್ದು ಹೇಗೆ? ಆ ವರ್ಷದ ಸೆಮಿಫೈನಲ್‌ನ ಎದುರಾಳಿಗಳು, ಹಾಡಿದ ಸರದಿ ಎಲ್ಲ ಕಾರಣಗಳೂ ಇರಬಹುದು. ಜೊತೆಗೆ, ಮೂರನೇ ಸಲ ನೋಡಿದ ಮುಖಕ್ಕೆ ಜನ, ಜ್ಯೂರಿ ಇಬ್ಬರೂ ಬೇರೆಯದೇ ಮರ್ಯಾದೆ ಕೊಟ್ಟರು ಎಂಬುದು ನನ್ನ ನಂಬಿಕೆ. ಮುಂದಿನ ಘಟನೆಗಳು ಈ ಊಹೆಗೆ ಬಹುಮಟ್ಟಿಗೆ ಬಲ ಕೊಡುತ್ತವೆ, ಒಂದನ್ನು ಬಿಟ್ಟು.

ಯಾರು ಬೇಕಾದರೂ ಬನ್ನಿ

2015ರಲ್ಲಿ ಸೀಗೆಲ್ ಅವರ ಹಾಡಿಗೆ ಇಬ್ಬರು ಹದಿಹರೆಯದವರು: ಸಾನ್ ಮರಿನೋದ ಅನಿತಾ ಸಿಮೊಂಚೀನಿ, ಇಟಲಿಯ ಮಿಕೇಲೆ ಪೆರ್ನಿಯೋಲಾ. ಇಬ್ಬರೂ ಕಿರಿಯರ ಯೂರೋವಿಷನ್‌ನಲ್ಲಿ ಈ ದೇಶದ ಪರವಾಗಿಯೇ ಹಾಡಿ ಬಂದವರು. 16ನೇ ಸ್ಥಾನ, ಹೇಳಿಕೊಳ್ಳುವಂಥದ್ದೇನಿಲ್ಲ.

2016ರಲ್ಲಿ ಬಂದವರು ಸೆರ್ಹಾತ್. ಇಸ್ತಾಂಬುಲ್‌ನವರು, ದಂತವೈದ್ಯಕೀಯ ಓದಿ ಟಿವಿ ನಿರೂಪಕ, ನಿರ್ಮಾಪಕ ಆದವರು. ಟರ್ಕಿ 2013ರಿಂದ ಸ್ಪರ್ಧೆಯನ್ನೇ ಬಿಟ್ಟಿದ್ದರಿಂದ ಅವರಿಗೆ ತಮ್ಮ ದೇಶದ ಬಾಗಿಲು ಇರಲಿಲ್ಲ. ಗಂಟಲಾಳದಿಂದ ಅರ್ಧ ಮಾತಾಡಿ ಅರ್ಧ ಹಾಡುವ ಶೈಲಿ, ಹಿಂದೆ ಡಿಸ್ಕೋ ಲಯ. ವಿಮರ್ಶಕರು ನಕ್ಕರು. ಅವರು 12ನೇ ಸ್ಥಾನಕ್ಕೆ ಬಂದು, ಫೈನಲ್ ಹತ್ತಿರದಲ್ಲೇ ಇತ್ತು ಅನ್ನುವಂತೆ ಮಾಡಿದರು.

2017ರಲ್ಲಿ ಮೊನೆತ್ತಾ ನಾಲ್ಕನೇ ಸಲ, ಅಮೆರಿಕದ ಗಾಯಕ ಜಿಮ್ಮಿ ವಿಲ್ಸನ್ ಜೊತೆ, ಸೀಗೆಲ್ ಅವರ ಹಾಡಿನೊಂದಿಗೆ. 18 ದೇಶಗಳ ಸೆಮಿಫೈನಲ್‌ನಲ್ಲಿ 18ನೇ ಸ್ಥಾನ, ಒಟ್ಟು ಒಂದೇ ಒಂದು ಅಂಕ. ಪರಿಚಿತ ಮುಖಕ್ಕೆ ಮರ್ಯಾದೆ ಎಂಬ ನನ್ನ ವಾದಕ್ಕೆ ಇದು ದೊಡ್ಡ ಪೆಟ್ಟು. ಮುಖ ಪರಿಚಿತವಾದರೆ ಸಾಲದು, ಹಳೆಯ ಕಾಲದ ಕ್ಯಾಸೆಟ್ಟಿನಿಂದ ಎದ್ದು ಬಂದಂತಿರುವ ಹಾಡನ್ನು ಅದೂ ಉಳಿಸಲಾರದು.

2018ರಲ್ಲಿ ದೇಶ ಬೇರೆ ದಾರಿ ಹಿಡಿಯಿತು. ಜಗತ್ತಿನ ಯಾವ ಮೂಲೆಯಿಂದಲಾದರೂ ಅರ್ಜಿ ಹಾಕಬಹುದಾದ ಆನ್‌ಲೈನ್ ಆಯ್ಕೆ ನಡೆಸಿತು. ಗೆದ್ದವರು ಮಾಲ್ಟಾದ ಜೆಸಿಕಾ, ಜೊತೆಗೆ ಬರ್ಲಿನ್‌ನ ಜೆನಿಫರ್ ಬ್ರೆನಿಂಗ್. ಜೆಸಿಕಾ ತಮ್ಮ ದೇಶದ ಆಯ್ಕೆ ಸುತ್ತಿನಲ್ಲಿ ಹಲವು ಸಲ ಯತ್ನಿಸಿ ಸೋತವರು. ಲಿಸ್ಬನ್ ವೇದಿಕೆಯಲ್ಲಿ ಫಲಕ ಹಿಡಿದ ಪುಟ್ಟ ರೋಬೋಗಳೂ ಕುಣಿದವು. ಕೊನೆಯಿಂದ ಎರಡನೆಯ ಸ್ಥಾನ.

ಅಲ್ಲಿಂದ ಪಾಠ ಕಲಿತರೋ, ಅನುಕೂಲಕ್ಕೆ ಒಪ್ಪಿದರೋ, 2019ರಲ್ಲಿ ಸೆರ್ಹಾತ್ ಮರಳಿದರು. ‘ಸೇ ನಾ ನಾ ನಾ’ ಎಂಬ ಹಾಡು ಹೆಸರಿನಷ್ಟೇ ಸರಳ. ಟೆಲ್ ಅವೀವ್‌ನ ಸೆಮಿಫೈನಲ್‌ನಲ್ಲಿ 150 ಅಂಕ, 8ನೇ ಸ್ಥಾನ. ಫೈನಲ್‌ನಲ್ಲಿ 77 ಅಂಕ, 19ನೇ ಸ್ಥಾನ. 2025ರವರೆಗೆ ಇದೇ ಸಾನ್ ಮರಿನೋದ ಅತ್ಯುತ್ತಮ ಸಾಧನೆ. ಅಂಕಗಳಲ್ಲಿ ಬಹುಪಾಲು ಬಂದದ್ದು ಜ್ಯೂರಿಯಿಂದಲ್ಲ, ಫೋನ್ ಹಿಡಿದ ಜನರಿಂದ. ಯೂರೋಪಿನ ಜನಮತ ಅತಿ ಹೆಚ್ಚು ಒಲಿದ ಸಾನ್ ಮರಿನೋ ಹಾಡನ್ನು ಹಾಡಿದವರು ಟರ್ಕಿಯವರು; ಒಲಿಸಿಕೊಂಡ ದೇಶಕ್ಕೆ ಜನಮತ ಕೊಡುವ ಅಧಿಕಾರವೇ ಇಲ್ಲ.

2020ರ ಸ್ಪರ್ಧೆ ಕೋವಿಡ್‌ನಿಂದ ರದ್ದಾಯಿತು. ಆ ವರ್ಷಕ್ಕೆ ಆಯ್ಕೆಯಾಗಿದ್ದ ಸೆನ್ಹಿತ್ 2021ರಲ್ಲಿ ರಾಟರ್‌ಡ್ಯಾಮ್‌ಗೆ ‘ಅಡ್ರೆನಲೀನಾ’ ಹಾಡಿನೊಂದಿಗೆ ಬಂದರು. ಧ್ವನಿಮುದ್ರಣದಲ್ಲಿ ಅಮೆರಿಕದ ರ‍್ಯಾಪರ್ ಫ್ಲೋ ರೈಡಾ ಇದ್ದರು. ವೇದಿಕೆಗೂ ಬರುತ್ತಾರೋ ಇಲ್ಲವೋ ಎಂಬುದು ಕೊನೆಯ ದಿನಗಳವರೆಗೂ ಗುಟ್ಟಾಗಿಯೇ ಉಳಿದು, ಅದೇ ಪ್ರಚಾರವೂ ಆಯಿತು. ಬಂದರು, ಸೆಮಿಫೈನಲ್ ದಾಟಿದರು. ಬಾಜಿ ಕಟ್ಟುವವರ ಪಟ್ಟಿಯಲ್ಲಿ ಮೇಲಿದ್ದ ಹಾಡು ಫೈನಲ್‌ನಲ್ಲಿ 50 ಅಂಕಕ್ಕೆ, 22ನೇ ಸ್ಥಾನಕ್ಕೆ ಇಳಿಯಿತು. ಆ ರಾತ್ರಿ ಗೆದ್ದದ್ದು ಇಟಲಿ.

ಇಲ್ಲಿಗೆ ಮೂರು ಫೈನಲ್. ಮೊನೆತ್ತಾ ಮೂರನೇ ಸಲಕ್ಕೆ, ಸೆರ್ಹಾತ್ ಎರಡನೇ ಸಲಕ್ಕೆ, ಸೆನ್ಹಿತ್ ಎರಡನೇ ಸಲಕ್ಕೆ. ಮೂವರೂ ಮೊದಲ ಸಲ ಸೋತು ಮರಳಿದವರು. ದೊಡ್ಡ ದೇಶದಲ್ಲಿ ಇವರಿಗೆ ಎರಡನೇ ಅವಕಾಶ ಸಿಗುತ್ತಿರಲಿಲ್ಲ; ಅಲ್ಲಿ ಆಯ್ಕೆಗೆ ಸಾಲು ಉದ್ದ, ಸೋತವರನ್ನು ಮತ್ತೆ ಕಳಿಸಿದರೆ ಪತ್ರಿಕೆಗಳು ಸುಮ್ಮನಿರುವುದಿಲ್ಲ. ಸಾನ್ ಮರಿನೋದ ಬಡತನವೇ ಅದರ ತಾಳ್ಮೆಯಾಯಿತು.

ಟುರಿನ್‌ನಿಂದ ಬಾಸೆಲ್‌ಗೆ

ಇಟಲಿ ಗೆದ್ದಿದ್ದರಿಂದ 2022ರ ಸ್ಪರ್ಧೆ ಟುರಿನ್‌ಗೆ ಬಂತು. ಸಾನ್ ಮರಿನೋ ಅದೇ ವರ್ಷ ‘ಉನಾ ವೋಚೆ ಪೆರ್ ಸಾನ್ ಮರಿನೋ’ ಎಂಬ ಆಯ್ಕೆ ಉತ್ಸವ ಶುರುಮಾಡಿತು. ಯಾವ ದೇಶದವರೂ ಬರಬಹುದು. ಗೆದ್ದವರು ಇಟಲಿಯ ತಾರೆ ಅಕಿಲೆ ಲೌರೋ. ಅವರು ಕೆಲವೇ ದಿನಗಳ ಹಿಂದೆ ಇಟಲಿಯ ಸಾನ್‌ರೆಮೋ ಉತ್ಸವದಲ್ಲಿ ಹಾಡಿ 14ನೇ ಸ್ಥಾನ ಪಡೆದಿದ್ದರು. ಸಾನ್‌ರೆಮೋ ಗೆದ್ದವರಿಗೆ ಇಟಲಿಯ ಟಿಕೆಟ್. ಸೋತವರಿಗೆ ಈಗ ಪಕ್ಕದಲ್ಲೇ ಇನ್ನೊಂದು ಬಾಗಿಲು. ‘ಸ್ಟ್ರಿಪ್ಪರ್’ ಹಾಡುತ್ತ ಯಾಂತ್ರಿಕ ಗೂಳಿಯ ಮೇಲೆ ಸವಾರಿ ಮಾಡಿದರೂ, ಇಟಲಿಯ ನೆಲದಲ್ಲೇ ನಡೆದರೂ, ಸೆಮಿಫೈನಲ್‌ನಲ್ಲಿ ಮತ್ತೆ 14.

2023ರಲ್ಲಿ ಟಸ್ಕನಿಯ ಪಿಕ್ಡ್ ಜ್ಯಾಕ್ಸ್ ತಂಡ ಲಿವರ್‌ಪೂಲ್‌ನಲ್ಲಿ ಶೂನ್ಯ ಅಂಕದೊಡನೆ ಕೊನೆಯ ಸ್ಥಾನ. 2024ರಲ್ಲಿ ಮಾಡ್ರಿಡ್‌ನ ಮೆಗಾರಾ ತಂಡ; ತಮ್ಮ ದೇಶದ ಬೆನಿಡಾರ್ಮ್ ಉತ್ಸವದಲ್ಲಿ ಸೋತು ಬಂದವರು. ಸಾನ್ ಮರಿನೋ ಬಾವುಟದಡಿ ಮೊದಲ ಸಲ ಸ್ಪ್ಯಾನಿಷ್ ರಾಕ್ ಮೊಳಗಿತು, ಫೈನಲ್ ಸಿಗಲಿಲ್ಲ. ತೆರೆದ ಬಾಗಿಲಿನಿಂದ ಜನ ಬಂದರು, ಫಲ ಬರಲಿಲ್ಲ.

2025ರಲ್ಲಿ ಬಾಸೆಲ್‌ಗೆ ಹೋದವರು ಗಾಬ್ರಿ ಪೊಂತೆ. ಐಫೆಲ್ 65 ತಂಡದ ಡಿಜೆಯಾಗಿ 1990ರ ದಶಕದ ಕೊನೆಯಲ್ಲಿ ಜಗತ್ತೆಲ್ಲ ಕುಣಿಸಿದ ಇಟಾಲಿಯನ್. ಅವರ ಹಾಡಿನ ಹೆಸರು ‘ತುತ್ತಾ ಲಿತಾಲಿಯಾ’. ವಿಷಯ ಇಟಲಿ, ಪೂರ್ತಿ ಇಟಲಿ. ಅದೇ ವರ್ಷ ಸಾನ್‌ರೆಮೋ ಪ್ರಸಾರದಲ್ಲಿ ಅದನ್ನು ಉತ್ಸವದ ಗುರುತಿನ ಹಾಡಾಗಿ ಮತ್ತೆಮತ್ತೆ ಕೇಳಿಸಿ ಇಟಲಿಯವರ ಬಾಯಿಗೆ ಹತ್ತಿಸಿದ್ದರು. ಅಂದರೆ ಒಂದು ದೇಶ ಇನ್ನೊಂದು ದೇಶದ ಕುರಿತ ಹಾಡನ್ನು, ಆ ದೇಶದ ಕಲಾವಿದನಿಂದ, ಅದೇ ದೇಶ ಎದುರಾಳಿಯಾಗಿರುವ ಸ್ಪರ್ಧೆಯಲ್ಲಿ ಹಾಡಿಸಿತು. ಇಷ್ಟು ಧೈರ್ಯದ ಎರವಲು ಲಕ್ಸಂಬರ್ಗೂ ತಂದಿರಲಿಲ್ಲ. ಸೆಮಿಫೈನಲ್‌ನಲ್ಲಿ ಹತ್ತನೆಯದಾಗಿ ದಾಟಿ, ಫೈನಲ್‌ನಲ್ಲಿ 27 ಅಂಕದೊಡನೆ 26 ದೇಶಗಳಲ್ಲಿ 26ನೆಯದಾಯಿತು.

ಮೊನೆತ್ತಾ ಮತ್ತು ಸಿಮೊಂಚೀನಿ ಅವರಂಥವರಿಗೆ ಇದರಿಂದ ಜಾಗ ಕಡಿಮೆಯಾಯಿತು ಎಂಬ ಆಕ್ಷೇಪ ನ್ಯಾಯವಾದದ್ದೇ. 34,000 ಜನರ ನಡುವೆ ಪ್ರತಿವರ್ಷ ಅಂತರರಾಷ್ಟ್ರೀಯ ಮಟ್ಟದ ಗಾಯಕರು ಹುಟ್ಟುವುದಿಲ್ಲ ಎಂಬುದೂ ಅಷ್ಟೇ ನಿಜ. ಗಾಯಕರನ್ನು ಎರವಲು ತರುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಎರವಲು ಬಂದವರು ಯಾರೆಂದು ಎಲ್ಲರಿಗೂ ಗೊತ್ತು, ಹಾಡು ಎಲ್ಲರ ಕಣ್ಣೆದುರೇ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಮತದ ಸಂಗತಿ ಬೇರೆ.

ಮತದ ಲೆಕ್ಕ

ಆ 0549ಕ್ಕೆ ಮರಳೋಣ. ಸಾನ್ ಮರಿನೋದ ದೂರವಾಣಿ ಜಾಲ ಇಟಲಿಯದರೊಡನೆ ಹೆಣೆದುಕೊಂಡಿದೆ. ಅಲ್ಲಿನ ಕರೆಗಳನ್ನು ಬೇರ್ಪಡಿಸಿ ಎಣಿಸುವುದೇ ತೊಡಕು, ಬೇರ್ಪಡಿಸಿದರೂ ನಂಬಬಹುದಾದಷ್ಟು ಸಂಖ್ಯೆ ಸಿಗುವುದಿಲ್ಲ. ನೂರಿನ್ನೂರು ಮತಕ್ಕೆ ಒಂದು ದೇಶದ 12 ಅಂಕ ಹೋಗುವಂತಿದ್ದರೆ ಆ ಮತಗಳನ್ನು ಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಇಬಿಯುವಿನ ಈ ಆತಂಕದಲ್ಲಿ ಹುರುಳಿದೆ.

ಮೊದಲ ವರ್ಷಗಳಲ್ಲಿ ಪರಿಹಾರ ಸುಲಭವಾಗಿತ್ತು: ಸಾನ್ ಮರಿನೋದ ಅಂಕಗಳನ್ನು ಪೂರ್ತಿಯಾಗಿ ಜ್ಯೂರಿಯೇ ಕೊಡುತ್ತಿತ್ತು. ಆಗ ಜ್ಯೂರಿಯೆಂದರೆ ಐವರು, ಒಂದು ದೇಶದ ದನಿಯಾಗಲು ಐವರು ಸಾಲದು ಅನ್ನಬಹುದು, ಆದರೆ ಅವರು ಆ ದೇಶದವರಾದರೂ ಆಗಿದ್ದರು. 2016ರಲ್ಲಿ ನಿಯಮ ಬದಲಾಗಿ ಜ್ಯೂರಿ ಮತ್ತು ಜನಮತ ಎರಡನ್ನೂ ಬೇರೆಬೇರೆಯಾಗಿ ಘೋಷಿಸುವ ಪದ್ಧತಿ ಬಂತು. ಪ್ರತಿ ದೇಶವೂ ಎರಡು ಕಂತು ಕೊಡಬೇಕು. ಸಾನ್ ಮರಿನೋಗೆ ಎರಡನೇ ಕಂತು ಇಲ್ಲ. ಆಗ ಇಬಿಯು ಕಂಡುಕೊಂಡದ್ದು: ಕೆಲವು ದೇಶಗಳ ಗುಂಪನ್ನು ಆರಿಸಿಕೊಂಡು, ಆ ದೇಶಗಳ ಜನಮತದ ಸರಾಸರಿ ತೆಗೆದು, ಅದನ್ನೇ ಸಾನ್ ಮರಿನೋದ ಜನಮತವೆಂದು ಪ್ರಕಟಿಸುವುದು.

ಇದರ ಪರಿಣಾಮ ನೋಡಿ. ತಿತಾನೋ ಬೆಟ್ಟದ ಮೇಲೆ ಎಲ್ಲರೂ ಒಂದು ಹಾಡನ್ನು ಎಷ್ಟೇ ಮೆಚ್ಚಲಿ, ಆ ಗುಂಪಿನ ದೇಶಗಳು ಮೆಚ್ಚದಿದ್ದರೆ ಅದಕ್ಕೆ ಸಾನ್ ಮರಿನೋದಿಂದ ಅಂಕವಿಲ್ಲ. ಗುಂಪಿನ ದೇಶಗಳಿಗೆ ಮಾತ್ರ ಒಂದರ ಮೇಲೆ ಇನ್ನೊಂದು ಪಾಲು: ತಮ್ಮ ಮತ ಪೂರ್ತಿ, ಜೊತೆಗೆ ಸಾನ್ ಮರಿನೋ ಹೆಸರಿನಲ್ಲಿ ಒಂದು ತುಣುಕು. ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಸಾನ್ ಮರಿನೋದ ಹೆಸರು.

ಲೆಕ್ಕದಿಂದ ಮತ ಮಾಡುವುದು ಎಷ್ಟು ನಾಜೂಕಿನ ಕೆಲಸ ಎಂಬುದು 2019ರಲ್ಲಿ ಬಯಲಾಯಿತು, ಅದೂ ಬೇರೊಂದು ದೇಶದ ಮೂಲಕ. ಬೆಲಾರೂಸ್‌ನ ಜ್ಯೂರಿ ಸೆಮಿಫೈನಲ್‌ನಲ್ಲಿ ತಾವು ಯಾರಿಗೆ ಮತ ಹಾಕಿದೆವೆಂದು ಹೊರಗೆ ಹೇಳಿ ಅನರ್ಹರಾದರು. ಫೈನಲ್‌ಗೆ ಅವರ ಬದಲು ಲೆಕ್ಕದ ಅಂಕ ಹಾಕಿದರು. ಲೆಕ್ಕ ತಲೆಕೆಳಗಾಗಿ, ಕೊನೆಯಲ್ಲಿರಬೇಕಾದ ಇಸ್ರೇಲ್‌ಗೆ 12 ಅಂಕ ಹೋಯಿತು. ನೇರಪ್ರಸಾರದಲ್ಲಿ ಕೋಟ್ಯಂತರ ಜನ ಅದನ್ನೇ ನೋಡಿದರು. ನಾಲ್ಕು ದಿನದ ನಂತರ ತಿದ್ದಿದಾಗ ಆ 12 ಅಂಕ ಮಾಲ್ಟಾಗೆ ಸೇರಿತು, ಜ್ಯೂರಿ ಮತದಲ್ಲಿ ಮೊದಲ ಸ್ಥಾನ ಸ್ವೀಡನ್‌ನಿಂದ ಉತ್ತರ ಮೆಸಿಡೋನಿಯಾಗೆ ಹೋಯಿತು. ಸೆರ್ಹಾತ್ ಅವರ ಸ್ಥಾನವೂ 20 ಇದ್ದದ್ದು 19 ಆಯಿತು. ಸಾನ್ ಮರಿನೋದ ದಾಖಲೆಯೇ ಅಂಥದೊಂದು ಲೆಕ್ಕದ ತಿದ್ದುಪಡಿಯಿಂದ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿದೆ.

2022ರಲ್ಲಿ ಉಳಿದಿದ್ದ ಅರ್ಧವೂ ಹೋಯಿತು. ಎರಡನೇ ಸೆಮಿಫೈನಲ್‌ನ ಜ್ಯೂರಿ ಮತಗಳಲ್ಲಿ ಅಸಹಜ ಮಾದರಿ ಕಂಡಿದೆ ಎಂದು ಇಬಿಯು ಆರು ದೇಶಗಳನ್ನು ಹೆಸರಿಸಿತು: ಅಜರ್‌ಬೈಜಾನ್, ಜಾರ್ಜಿಯಾ, ಮಾಂಟಿನೀಗ್ರೋ, ಪೋಲೆಂಡ್, ರೊಮೇನಿಯಾ, ಸಾನ್ ಮರಿನೋ. ಆರೂ ದೇಶಗಳ ಜ್ಯೂರಿ ಅಂಕವನ್ನು ಬದಿಗಿಟ್ಟು ಲೆಕ್ಕದ ಅಂಕ ಹಾಕಿದರು. ಕೆಲವು ದೇಶಗಳ ಪ್ರಸಾರ ಸಂಸ್ಥೆಗಳು ಆ ತೀರ್ಮಾನವನ್ನು ಬಹಿರಂಗವಾಗಿ ಪ್ರಶ್ನಿಸಿದವು. ಉಳಿದ ಐದು ದೇಶಗಳಿಗೆ ಜನಮತವಾದರೂ ತಮ್ಮದೇ ಉಳಿದಿತ್ತು.

ಆ ಘಟನೆಯ ಬಿಸಿಯಲ್ಲಿ 2023ರಿಂದ ನಿಯಮ ಮತ್ತೆ ಬದಲಾಯಿತು. 2025ರವರೆಗೆ ಸೆಮಿಫೈನಲ್‌ಗಳನ್ನು ಜನಮತ ಮಾತ್ರ ತೀರ್ಮಾನಿಸುತ್ತಿತ್ತು. ಫೋನ್ ಮತ ಕೊಡಲಾಗದ ದೇಶದ ಜನಮತದ ಬದಲಿಗೆ ಅದರ ಜ್ಯೂರಿಯ ಅಂಕವನ್ನೇ ತೆಗೆದುಕೊಳ್ಳಬೇಕು. ಫೈನಲ್‌ನಲ್ಲಿ ಅದೇ ಜ್ಯೂರಿಯ ಅಂಕ ಎರಡು ಸಲ ಎಣಿಕೆಯಾಗಬೇಕು. ಕಡೆಗೂ ಸಾನ್ ಮರಿನೋದ ಅಂಕ ಸಾನ್ ಮರಿನೋದ ಜ್ಯೂರಿಗೇ ಮರಳಿತು, ಮೊದಲಿಗಿಂತ ಭಾರವಾಗಿ. ಐವರ ಒಲವೇ ಒಂದು ದೇಶದ ಎರಡೂ ದನಿಯಾಯಿತು. ಮೂರು ವಿಧಾನಗಳಲ್ಲಿ ಇದೇ ಒಳ್ಳೆಯದು ಅನ್ನುತ್ತೇನೆ, ಆದರೆ ಇದು ಜನಮತವಲ್ಲ.

ವಿಚಿತ್ರವೆಂದರೆ ಅದೇ 2023ರಲ್ಲಿ ‘ಉಳಿದ ಜಗತ್ತು’ ಎಂಬ ಹೊಸ ಮತವೂ ಸೇರಿತು. ಸ್ಪರ್ಧಿಸದ ದೇಶಗಳಲ್ಲಿ ಕೂತವರು ಆನ್‌ಲೈನ್‌ನಲ್ಲಿ ಕಾರ್ಡಿನಿಂದ ಹಣ ತೆತ್ತು ಮತ ಹಾಕಬಹುದು. ಅವರೆಲ್ಲರ ಮತ ಸೇರಿ ಒಂದು ದೇಶದ ಅಂಕಕ್ಕೆ ಸಮ. ಸ್ಪರ್ಧೆಯನ್ನು ಇತ್ತೀಚೆಗಷ್ಟೇ ಕೇಳಿದವರಿಗೆ ಸಿಕ್ಕ ಹಕ್ಕು, 2008ರಿಂದ ಸೋಲುತ್ತ ಗೆಲ್ಲುತ್ತ ಬಂದ ದೇಶದ ಪ್ರಜೆಗೆ ಇನ್ನೂ ಇಲ್ಲ.

ದಾರಿ ಇಲ್ಲವೆಂದಲ್ಲ. ಆನ್‌ಲೈನ್ ಮತಕ್ಕೆ ಕಾರ್ಡ್ ಯಾವ ದೇಶದ್ದೆಂದು ಗುರುತಿಸುವ ವ್ಯವಸ್ಥೆ ಈಗಾಗಲೇ ಇದೆ, ಮತ್ತು ಅದಕ್ಕೆ ಇಟಲಿಯ ದೂರವಾಣಿ ಜಾಲದ ಹಂಗಿಲ್ಲ. ಸಾನ್ ಮರಿನೋದ ಬ್ಯಾಂಕ್ ಕಾರ್ಡುಗಳಿಂದ ಬಂದ ಮತವನ್ನು ಎಣಿಸಿ, ಸಂಖ್ಯೆ ತೀರಾ ಕಡಿಮೆ ಬಿದ್ದ ವರ್ಷ ಮಾತ್ರ ಜ್ಯೂರಿಗೆ ಬಿಡಬಹುದು. ಮತ ಕೊಳ್ಳುವವರ ಭಯ ಆಗಲೂ ಪೂರ್ತಿ ಹೋಗುವುದಿಲ್ಲ. ಆದರೆ ಜ್ಯೂರಿಯ ನಾಲ್ಕಾರು ಜನರನ್ನು ಒಲಿಸಿಕೊಳ್ಳುವುದಕ್ಕಿಂತ ಸಾವಿರ ಕಾರ್ಡುಗಳನ್ನು ಹುಡುಕುವುದು ಕಷ್ಟವೇ. ಇದನ್ನು ಕೇಳಬೇಕಾದದ್ದು ಸಾನ್ ಮರಿನೋ ಆರ್‌ಟಿವಿ. ಮುಂದಿನ ವರ್ಷ ಯಾವ ದೇಶದಿಂದ ಯಾರನ್ನು ಕರೆತರುವುದೆಂಬ ಚರ್ಚೆಗೆ ಅದು ಕೊಡುವ ಗಮನದಲ್ಲಿ ಸ್ವಲ್ಪವನ್ನಾದರೂ ಈ ಬೇಡಿಕೆಗೆ ಕೊಟ್ಟರೆ, ಇಬಿಯು ಇಲ್ಲವೆನ್ನಲು ತಾಂತ್ರಿಕ ಕಾರಣ ಹುಡುಕಬೇಕಾಗುತ್ತದೆ.